ಮನೆ ಸುತ್ತ, ಹಳ್ಳಿದಾರಿಯಲ್ಲಿ ಹಕ್ಕಿ ಫೋಟೊ: ಲೆನ್ಸ್ ಆರಿಸುವ ಮೊದಲು ಜಾಗ ಆರಿಸಿ

ಹಕ್ಕಿ ಫೋಟೊ ಶುರು ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು ಲೆನ್ಸ್ ಬಗ್ಗೆ. 300 ಎಂಎಂ ಸಾಕಾ, 600 ಬೇಕಾ? (ಈ ಸಂಖ್ಯೆ ದೊಡ್ಡದಾದಷ್ಟು ದೂರದ ಹಕ್ಕಿ ದೊಡ್ಡದಾಗಿ ಬರುತ್ತದೆ.) ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಕಿಟಕಿಯಿಂದ ಹಕ್ಕಿ ಬಂದು ಕೂರುವ ಜಾಗ ಎಷ್ಟು ದೂರ ಇದೆ? ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗೊತ್ತು ಅನ್ನುವವರೂ ಕಣ್ಣಂದಾಜಿನಲ್ಲೇ ಹೇಳುತ್ತಾರೆ.

ನಾನೂ ಹಾಗೇ ಇದ್ದೆ. ಒಂದು ದಿನ ಅಳತೆ ಟೇಪ್ ಹಿಡಿದು ಹೊರಗೆ ಹೋದೆ. ಕಿಟಕಿಯಿಂದ ಹಿತ್ತಲ ನಲ್ಲಿಯ ತನಕ 4 ಮೀಟರ್. ಬೇಲಿ ಗೂಟಕ್ಕೆ 9 ಮೀಟರ್. ದೊಡ್ಡ ಮರದ ಒಣಗಿದ ಕೊಂಬೆಗೆ 22 ಮೀಟರ್. ಅಷ್ಟು ದಿನ ನಾನು ಕ್ಯಾಮೆರಾ ಎತ್ತುತ್ತಿದ್ದದ್ದು ಆ ಒಣಕೊಂಬೆಗೇ. ನಲ್ಲಿಯ ಕಡೆ ನೋಡೇ ಇರಲಿಲ್ಲ. ಅಲ್ಲಿಗೆ ಪಿಕಳಾರ ದಿನಕ್ಕೆ ಹತ್ತು ಸಲ ಬರುತ್ತಿತ್ತು. ನಲ್ಲಿಯ ತಿರುಪಿನ ಮೇಲೆ ಕೂತು, ಕತ್ತು ಬಗ್ಗಿಸಿ, ಬಾಯಲ್ಲಿ ತೂಗುತ್ತಿದ್ದ ಹನಿಯನ್ನು ಕೊಕ್ಕಿನಿಂದ ಕಿತ್ತುಕೊಂಡು ಹೋಗುತ್ತಿತ್ತು. ಬಾಲದ ಬುಡದ ಕೆಂಪು ಕೂಡ ಬರಿಗಣ್ಣಿಗೆ ಚೆನ್ನಾಗಿ ಕಾಣುವಷ್ಟು ಹತ್ತಿರ.

ಈ ದೂರದ ಲೆಕ್ಕವನ್ನು ಒಂದು ಸಲ ಮಾಡಿ ನೋಡಿಬಿಡಿ. ಗುಬ್ಬಚ್ಚಿ ಸುಮಾರು 15 ಸೆಂ.ಮೀ. ಉದ್ದ. ಎಪಿಎಸ್-ಸಿ ಸೆನ್ಸರಿನ (ಬೆಳಕು ಹಿಡಿಯುವ ಮಧ್ಯಮ ಗಾತ್ರದ ಫಲಕದ) 24 ಮೆಗಾಪಿಕ್ಸೆಲ್ ಕ್ಯಾಮೆರಾ, ಅದಕ್ಕೆ 300 ಎಂಎಂ ಲೆನ್ಸ್ ಅಂತ ಇಟ್ಟುಕೊಳ್ಳೋಣ. 20 ಮೀಟರ್ ದೂರದಲ್ಲಿ ಗುಬ್ಬಚ್ಚಿ ಕೂತರೆ ಚಿತ್ರದಲ್ಲಿ ಅದರ ಉದ್ದ ಸುಮಾರು 575 ಪಿಕ್ಸೆಲ್. 10 ಮೀಟರಿಗೆ ಬಂದರೆ 1150. 5 ಮೀಟರಿಗೆ ಬಂದರೆ 2300. ಈಗ ಲೆನ್ಸ್ ಬದಲಾಯಿಸಿ. 600 ಎಂಎಂ ಹಾಕಿ 10 ಮೀಟರಿಂದ ತೆಗೆದರೂ ಅದೇ 2300. ಅಂದರೆ 5 ಮೀಟರ್ ಹತ್ತಿರ ಹೋಗುವುದೂ ಒಂದೇ, ಲೆನ್ಸನ್ನು ಎರಡು ಪಟ್ಟು ಉದ್ದ ಮಾಡುವುದೂ ಒಂದೇ. ಜೊತೆಗೆ ಹತ್ತಿರದಿಂದ ತೆಗೆದಾಗ ನಡುವೆ ಗಾಳಿ, ಧೂಳು, ಬಿಸಿಲ ಝಳ ಎಲ್ಲ ಕಡಿಮೆ. ಪುಕ್ಕದ ಎಳೆ ಎಳೆ ಬರುವುದು ಅದರಿಂದಲೇ.

ಹಾಗಾಗಿ ನನ್ನ ಹೋಲಿಕೆ ಜಾಗದಿಂದ ಶುರುವಾಗುತ್ತದೆ, ಕ್ಯಾಮೆರಾ ಆಮೇಲೆ.

ಎಲ್ಲಿಂದ ತೆಗೆಯುವುದು: ಕಿಟಕಿ, ಮರೆ, ಕಾರು, ಕಾಲ್ನಡಿಗೆ

ಮನೆಯಲ್ಲೇ ಇರುವ ಸಮಯ ಜಾಸ್ತಿ ಅನ್ನುವವರಿಗೆ ಕಿಟಕಿಗಿಂತ ಒಳ್ಳೆಯದು ಇಲ್ಲ. ಮನೆ ಅಲ್ಲೇ ಇರುತ್ತದೆ, ಹಕ್ಕಿಗಳಿಗೆ ಅದು ರೂಢಿಯಾಗಿಬಿಟ್ಟಿದೆ. ಒಳಗೆ ಕತ್ತಲೆ, ಹೊರಗೆ ಬೆಳಕು ಇದ್ದರೆ ನೀವು ಕಾಣುವುದೂ ಇಲ್ಲ. ಆದರೆ ಕಿಟಕಿ ತೆರೆದೇ ತೆಗೆಯಿರಿ. ಗಾಜಿನ ಹಿಂದಿನಿಂದಲೇ ತೆಗೆಯಬೇಕಾಗಿ ಬಂದರೆ ಲೆನ್ಸಿನ ಹುಡ್ ಗಾಜಿಗೆ ತಾಗುವಷ್ಟು ಹತ್ತಿರ ಇಟ್ಟು, ಗಾಜಿಗೆ ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಉದ್ದ ಲೆನ್ಸಿನಲ್ಲಿ ಚಿತ್ರ ಕಲಸಿದ ಹಾಗೆ ಬರುತ್ತದೆ. ಕೋಣೆ ಬೆಚ್ಚಗಿದ್ದು ಹೊರಗೆ ಚಳಿ ಇದ್ದರೆ ಮೊದಲೇ ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಬಿಸಿ ಗಾಳಿ, ತಣ್ಣನೆ ಗಾಳಿ ಕಿಟಕಿಯಲ್ಲೇ ಕಲಸುವಾಗ ಫೋಕಸ್ ಎಷ್ಟು ಸರಿ ಇದ್ದರೂ ಫೋಟೊ ಮಂಕಾಗುತ್ತದೆ. ಎಷ್ಟೋ ಜನ ಇದಕ್ಕೆ ಲೆನ್ಸನ್ನು ಬೈಯುತ್ತಾರೆ.

ಕಿಟಕಿಯ ಕೊರತೆ ಒಂದೇ. ಕೋನ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಕೂರುವ ಕೊಂಬೆಯನ್ನು ನಾವೇ ಬದಲಾಯಿಸಬೇಕು. ನೀರಿನ ತಟ್ಟೆಯಿಂದ ಒಂದು ಮೀಟರ್ ದೂರದಲ್ಲಿ ಒಂದು ಒರಟು ಕೊಂಬೆ ನೆಡಿ. ಹಕ್ಕಿ ನೇರವಾಗಿ ನೀರಿಗೆ ಇಳಿಯುವುದು ಕಡಿಮೆ, ಮೊದಲು ಪಕ್ಕದಲ್ಲಿ ಕೂತು ಸುತ್ತ ನೋಡುತ್ತದೆ. ಫೋಟೊ ಸಿಗುವುದು ಆ ಕ್ಷಣದಲ್ಲೇ. ಕೊಂಬೆಯ ಹಿಂದೆ ಐದಾರು ಮೀಟರ್ ಖಾಲಿ ಜಾಗ, ಅದರಾಚೆ ಹಸಿರು ಗಿಡಗಳು ಇದ್ದರೆ ಹಿನ್ನೆಲೆ ತಾನಾಗೇ ನುಣ್ಣಗಾಗುತ್ತದೆ. ಇದಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ, ಅಲ್ವಾ?

ಮರೆ ಅಂದರೆ ಬಟ್ಟೆಯ ಗೂಡಾರ, ಬಲೆ ಬಟ್ಟೆ, ಅಥವಾ ಸೊಪ್ಪು ಒರಗಿಸಿದ ಚಪ್ಪರ. ಇದು ಹಳೆಯ ಉಪಾಯ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 19ನೇ ಶತಮಾನದ ಕೊನೆಯ ಹೊತ್ತಿನಲ್ಲಿ ಭಾರದ ಕ್ಯಾಮೆರಾ ಹೊತ್ತು ಹಕ್ಕಿಗಳ ಫೋಟೊ ತೆಗೆದರು. ಹಕ್ಕಿಗೆ ಕಾಣಬಾರದು ಅಂತ ಅವರು ಎತ್ತಿನ ಚರ್ಮದಿಂದ ಟೊಳ್ಳು ಎತ್ತನ್ನೇ ಮಾಡಿಸಿ ಅದರೊಳಗೆ ಕೂತದ್ದುಂಟು. ಅವರ ಲೆನ್ಸುಗಳಿಗೆ ಇಂದಿನ ಉದ್ದ ಇರಲಿಲ್ಲ. ಹತ್ತಿರ ಹೋಗದೆ ಬೇರೆ ದಾರಿಯೇ ಇರಲಿಲ್ಲ.

ಮರೆಯನ್ನು ಕಟ್ಟಿದ ದಿನವೇ ಅದರೊಳಗೆ ಕೂರಬೇಡಿ. ಎರಡು ಮೂರು ದಿನ ಖಾಲಿ ಬಿಡಿ. ಬೆಳಕು ಹರಿಯುವ ಮೊದಲೇ ಒಳಗೆ ಸೇರಿಕೊಳ್ಳಿ. ತಡವಾದರೆ ಇಬ್ಬರು ಒಟ್ಟಿಗೆ ಹೋಗಿ, ಒಬ್ಬರು ಒಳಗೆ ಉಳಿದು ಇನ್ನೊಬ್ಬರು ಎದ್ದು ಹೊರಟುಬಿಡಿ. ಹೋದವರನ್ನು ನೋಡಿದ ಹಕ್ಕಿ ಹಿಂದಿರುಗುತ್ತದೆ. ಕೆರೆ ಅಂಚು, ಗದ್ದೆ ಬದು, ನೀರಿನ ಹೊಂಡ, ಹೀಗೆ ಹಕ್ಕಿ ದಿನಾ ಬರುವ ಜಾಗ ಖಚಿತವಾಗಿ ಗೊತ್ತಿದ್ದರೆ ಮಾತ್ರ ಮರೆ ಕಟ್ಟಿ. ಗೊತ್ತಿಲ್ಲದ ಕಡೆ ಮೂರು ಗಂಟೆ ಸುಮ್ನೆ ಬೆವರಿಳಿಸಿಕೊಂಡು ಕೂರಬೇಕಾಗುತ್ತದೆ.

ಹಳ್ಳಿದಾರಿಗೆ ಬಂದರೆ ಕಾರೇ ಮರೆ. ಹಕ್ಕಿ ಹೆದರುವುದು ಎರಡು ಕಾಲಿನ ಆಕಾರಕ್ಕೆ. ನಿಧಾನವಾಗಿ ಬಂದು ನಿಂತ ಕಾರಿಗೆ ಅಷ್ಟು ಹೆದರುವುದಿಲ್ಲ. ಬೇಲಿ ಕಲ್ಲಿನ ಮೇಲಿನ ನೀಲಕಂಠ ಕಾರಿನಿಂದ 8 ಮೀಟರಿನಲ್ಲಿ ಕೂತೇ ಇರುತ್ತದೆ. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟರೆ ಸಾಕು, ರೆಕ್ಕೆಯ ನೀಲಿ ಮಿಂಚಿಸಿ ಹಾರಿಹೋಗುತ್ತದೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಕಾರಿನಿಂದ ತೆಗೆಯುವಾಗ ಎಂಜಿನ್ ಆರಿಸಲೇಬೇಕು. ಅದರ ನಡುಕ ಉದ್ದ ಲೆನ್ಸಿನಲ್ಲಿ ನೇರವಾಗಿ ಕಾಣುತ್ತದೆ. ಒಳಗಿನವರೂ ಅಲುಗಾಡಬಾರದು. ಇನ್ನೊಂದು ವಿಷಯಕ್ಕೆ ಗಮನ ಕೊಡುವವರು ಕಡಿಮೆ: ಹೋಗುವ ದಿಕ್ಕು. ಬಲಗಡೆ ಕಿಟಕಿಯಿಂದ ತೆಗೆಯುವವರಾದರೆ ಬೆಳಗ್ಗೆ ದಕ್ಷಿಣಕ್ಕೆ ಹೋಗುವ ದಾರಿ ಹಿಡಿಯಿರಿ. ಆಗ ಕಿಟಕಿ ಪಶ್ಚಿಮಕ್ಕೆ ಇರುತ್ತದೆ, ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಹಕ್ಕಿಯ ಮುಖಕ್ಕೆ ಬೆಳಕು ಬೀಳುತ್ತದೆ. ಸಂಜೆ ಅದೇ ದಾರಿಯಲ್ಲಿ ಉತ್ತರಕ್ಕೆ ಬನ್ನಿ. ಎಡಗಡೆ ಕೂರುವವರಿಗೆ ಇದೇ ತಿರುಗುಮುರುಗು. ಒಂದೇ ದಾರಿ, ಒಂದೇ ಹಕ್ಕಿ. ದಿಕ್ಕು ತಪ್ಪಿದರೆ ಬರೀ ಕಪ್ಪು ನೆರಳು ಸಿಗುತ್ತದೆ.

ತಿರುವಿನಲ್ಲಿ, ಸೇತುವೆ ಮೇಲೆ, ಏರಿನ ತುದಿಯಲ್ಲಿ ಕಾರು ನಿಲ್ಲಿಸಬೇಡಿ. ಓಡಿಸುವವರು ಒಬ್ಬರು, ಹಕ್ಕಿ ಹುಡುಕುವವರು ಇನ್ನೊಬ್ಬರು ಆದರೆ ಒಳ್ಳೆಯದು. ಒಬ್ಬರೇ ಇದ್ದರೆ ಕಾರು ಪೂರ್ತಿ ಬದಿಗೆ ಇಳಿಸಿದ ಮೇಲೆಯೇ ಕಣ್ಣು ಮೇಲೆತ್ತಿ.

ಕಾಲ್ನಡಿಗೆಯಲ್ಲಿ ಹಕ್ಕಿಗಳ ಸಂಖ್ಯೆ ಜಾಸ್ತಿ ಸಿಗುತ್ತದೆ, ಹತ್ತಿರದ ಫೋಟೊ ಕಡಿಮೆ. ಪೊದೆಯೊಳಗಿನ ಹರಟೆಮಲ್ಲಗಳ ಗುಂಪು, ಕಾಲುವೆಯ ಮಿಂಚುಳ್ಳಿ, ಇವೆಲ್ಲ ಕಾರಿನಿಂದ ಕಾಣುವುದೇ ಕಷ್ಟ. ನಡೆದು ಹೋಗುವವರು ನೇರವಾಗಿ ಹಕ್ಕಿಯ ಕಡೆಗೆ ಹೋಗಬಾರದು, ದಿಟ್ಟಿಸಿ ನೋಡಲೂಬಾರದು. ಎಲ್ಲೋ ಹೋಗುತ್ತಿದ್ದೇನೆ ಅನ್ನುವ ಹಾಗೆ ಓರೆಯಾಗಿ ನಾಲ್ಕು ಹೆಜ್ಜೆ ಇಡಿ, ನಿಲ್ಲಿ, ಮತ್ತೆ ನಾಲ್ಕು ಹೆಜ್ಜೆ ಇಡಿ. ಹಕ್ಕಿ ಮೇಯುವುದನ್ನು ಬಿಟ್ಟು ಕತ್ತು ಉದ್ದ ಮಾಡಿ, ಪುಕ್ಕ ಮೈಗೆ ಅಂಟಿಸಿಕೊಂಡು ನಿಂತಿತು ಅಂದರೆ ನೀವು ಅದರ ಗಡಿಗೆ ಬಂದಿದ್ದೀರಿ. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡಿ. ಐದು ನಿಮಿಷ ಕಳೆದು ಅದು ಮತ್ತೆ ಮೇಯಲು ಶುರು ಮಾಡಿದರೆ ನಿಮ್ಮನ್ನು ಒಪ್ಪಿಕೊಂಡಿತು ಅಂತ.

ನನ್ನ ಆಯ್ಕೆ ಹೇಳುತ್ತೇನೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಇದ್ದರೆ ಕಿಟಕಿ. ವಾರಕ್ಕೊಂದು ಇಡೀ ಬೆಳಗ್ಗೆ ಇದ್ದರೆ ಕಾರು. ಒಂದೇ ಹಕ್ಕಿಯ ಹಿಂದೆ ತಿಂಗಳುಗಟ್ಟಲೆ ಬೀಳುವ ಮನಸ್ಸಿದ್ದರೆ ಮರೆ. ಹೊಸ ಊರಿಗೆ ಬಂದಿದ್ದು, ಯಾವ ಹಕ್ಕಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಮೊದಲ ತಿಂಗಳು ಬರೀ ನಡೆಯಿರಿ. ಒಂದು ದುರ್ಬೀನು ಸಾಕು. 8x42 ಅಂತ ಬರೆದಿರುವುದು ಒಳ್ಳೆಯದು. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಎಂಎಂ ಅಗಲ ಇರುವುದರಿಂದ ಮಸುಕು ಬೆಳಕಿನಲ್ಲೂ ಕೈಕೊಡುವುದಿಲ್ಲ.

ಫೋನ್, ಬ್ರಿಜ್ ಕ್ಯಾಮೆರಾ, ಲೆನ್ಸ್ ಬದಲಾಯಿಸುವ ಕ್ಯಾಮೆರಾ

ಬರೀ ಫೋನಿನಲ್ಲಿ ಹಕ್ಕಿ ಚುಕ್ಕಿಯಾಗುತ್ತದೆ. ಆದರೆ ಫೋನನ್ನು ಸ್ಪಾಟಿಂಗ್ ಸ್ಕೋಪಿಗೆ, ಅಂದರೆ ಹಕ್ಕಿ ನೋಡುವ ಒಂಟಿಗಣ್ಣಿನ ದೂರದರ್ಶಕಕ್ಕೆ, ಹಿಡಿದರೆ ಮಾತು ಬೇರೆ. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 26 ಎಂಎಂ ಆಸುಪಾಸಿಗೆ ಸಮ (ಇಲ್ಲಿ ‘ಸಮ’ ಅನ್ನುವುದೆಲ್ಲ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ ಲೆಕ್ಕದಲ್ಲಿ). 20 ಪಟ್ಟಿನ ಸ್ಕೋಪ್ ಇದ್ದರೆ 520 ಎಂಎಂ ಆಯಿತು. ಕೆರೆ ಮಧ್ಯೆ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಗೆ ಇದು ಚೆನ್ನಾಗಿ ಒಗ್ಗುತ್ತದೆ. ವಿಡಿಯೊ ಅಂತೂ ತುಂಬಾ ಚೆನ್ನಾಗಿ ಬರುತ್ತದೆ. ಪೊದೆಯೊಳಗೆ ಜಿಗಿದಾಡುವ ಹಕ್ಕಿಗೆ ಇದು ಆಗದು. ಫೋನ್ ಜೋಡಿಸಿ ಮುಗಿಸುವಷ್ಟರಲ್ಲಿ ಅದು ಪಕ್ಕದ ಹೊಲದಲ್ಲಿರುತ್ತದೆ.

ಬ್ರಿಜ್ ಕ್ಯಾಮೆರಾ ಅಂದರೆ ಲೆನ್ಸ್ ಬಿಚ್ಚಲು ಬಾರದ, ದೊಡ್ಡ ಜೂಮ್ ಇರುವ ಕ್ಯಾಮೆರಾ. ಇವುಗಳಲ್ಲೇ ಎರಡು ಜಾತಿ ಇದೆ, ಎರಡನ್ನೂ ಒಂದೇ ಅಂದುಕೊಂಡು ಕೊಳ್ಳುವವರು ಬಹಳ. ಒಂದು, ಚಿಕ್ಕ ಸೆನ್ಸರ್ ಮತ್ತು ಭಾರಿ ಜೂಮ್ ಇರುವಂಥದ್ದು. ನಿಕಾನ್ ಕೂಲ್‌ಪಿಕ್ಸ್ ಪಿ900 2015ರಲ್ಲಿ ಬಂತು, 2000 ಎಂಎಂಗೆ ಸಮ. ಪಿ1000 2018ರಲ್ಲಿ ಬಂತು, 3000 ಎಂಎಂಗೆ ಸಮ. ಇನ್ನೊಂದು, ಒಂದು ಇಂಚಿನ ಸೆನ್ಸರ್ ಮತ್ತು ಹದವಾದ ಜೂಮ್ ಇರುವಂಥದ್ದು. ಸೋನಿಯ ಆರ್‌ಎಕ್ಸ್10 ಮಾರ್ಕ್ 4, 2017ರದ್ದು, 600 ಎಂಎಂಗೆ ಸಮ.

3000 ದೊಡ್ಡದೋ 600 ದೊಡ್ಡದೋ ಅಂತ ನೋಡಿದರೆ ಮೋಸಹೋಗುತ್ತೀರಿ. ಒಂದು ಇಂಚಿನ ಸೆನ್ಸರಿಗೆ ಚಿಕ್ಕ ಸೆನ್ಸರಿನ ನಾಲ್ಕು ಪಟ್ಟು ವಿಸ್ತೀರ್ಣ ಇದೆ. ಎಪಿಎಸ್-ಸಿಗೆ ಹದಿಮೂರು ಪಟ್ಟು. ಬೆಳಕು ತುಂಬಿಕೊಳ್ಳುವ ಪಾತ್ರೆಯ ಹಾಗೆ ಇದು. ಬೆಳಗ್ಗೆ ಆರೂವರೆಗೆ, ಹಕ್ಕಿಗಳ ಗಲಾಟೆ ಜೋರಾಗಿರುವಾಗಲೇ ಬೆಳಕು ಕಡಿಮೆ. ಆಗ ಚಿಕ್ಕ ಸೆನ್ಸರಿನ ಫೋಟೊದಲ್ಲಿ ಪುಕ್ಕ ಹೋಗಿ ಬಣ್ಣದ ಕಲೆಗಳು ಉಳಿಯುತ್ತವೆ. ಪಿ1000ರ ಜೂಮ್ ಪೂರ್ತಿ ಎಳೆದಾಗ ಅದರ ನಿಜವಾದ ಫೋಕಲ್ ಲೆಂತ್ 539 ಎಂಎಂ, ಬೆಳಕಿನ ಕಿಂಡಿ ಎಫ್ 8. ಅಂದರೆ 539ನ್ನು 8ರಿಂದ ಭಾಗಿಸಿದರೆ ಕಿಂಡಿಯ ಅಗಲ 67 ಎಂಎಂ. ಒಂದು ಸಾಮಾನ್ಯ 400 ಎಂಎಂ, ಎಫ್ 5.6 ಲೆನ್ಸಿನ ಕಿಂಡಿ 71 ಎಂಎಂ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಅಷ್ಟೇ.

ಹಾಗಂತ ಚಿಕ್ಕ ಸೆನ್ಸರಿನ ಕ್ಯಾಮೆರಾ ಬೇಡ ಅಂತ ಅಲ್ಲ. ಮರದ ತುದಿಯ ಹಕ್ಕಿ ಗಿಡುಗವೋ ಹದ್ದೋ ಅಂತ ಗುರುತಿಸಬೇಕು, ದಾಖಲೆ ಇಡಬೇಕು ಅನ್ನುವವರಿಗೆ ಇದಕ್ಕಿಂತ ಅನುಕೂಲದ್ದು ನನಗೆ ಕಂಡಿಲ್ಲ. ಹಗಲ ಬೆಳಕಿನಲ್ಲಿ, ಕೂತ ಹಕ್ಕಿಗೆ, ಕೈಯಲ್ಲಿ ಒಂದೇ ಸಾಮಾನು ಹಿಡಿದುಕೊಂಡು ತಿರುಗುವವರು ಇದನ್ನೇ ತೆಗೆದುಕೊಳ್ಳಲಿ. ಪಿ900ರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಬರುವುದಿಲ್ಲ, ಪಿ950 ಮತ್ತು ಪಿ1000ದಲ್ಲಿ ಬರುತ್ತದೆ. ಫೋಟೊವನ್ನು ಆಮೇಲೆ ತಿದ್ದುವ ಆಸೆ ಇದ್ದರೆ ಇದನ್ನು ನೋಡಿಕೊಳ್ಳಿ. ಹಾರುವ ಹಕ್ಕಿ ಬೇಕೆಂದರೆ ಮಾತ್ರ ಈ ಜಾತಿ ಬೇಡ. ಅಷ್ಟು ದೊಡ್ಡ ಜೂಮಿನಲ್ಲಿ ಹಕ್ಕಿಯನ್ನು ಫ್ರೇಮಿನೊಳಗೆ ಹುಡುಕುವುದೇ ದೊಡ್ಡ ಕೆಲಸ.

ಲೆನ್ಸ್ ಬದಲಾಯಿಸುವ ಕ್ಯಾಮೆರಾಗಳಲ್ಲಿ ಒಳಗೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್ ಒಳ್ಳೆಯದೋ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಒಳ್ಳೆಯದೋ ಅಂತ ವಾದ ಇದ್ದೇ ಇದೆ. ನನಗೆ ಮುಖ್ಯ ಅನಿಸುವ ವ್ಯತ್ಯಾಸ ಎರಡು. ಹೊಸ ಮಿರರ್‌ಲೆಸ್‌ಗಳಲ್ಲಿ ಹಲವು ಹಕ್ಕಿಯ ಕಣ್ಣನ್ನೇ ಗುರುತಿಸಿ ಫೋಕಸ್ ಹಿಡಿಯುತ್ತವೆ, ಸದ್ದಿಲ್ಲದ ಶಟರ್ ಇರುತ್ತದೆ. 4 ಮೀಟರಿನ ನಲ್ಲಿಗೆ ಬಂದ ಪಿಕಳಾರ ಡಿಎಸ್‌ಎಲ್‌ಆರ್ ಸದ್ದಿಗೆ ಮೊದಲ ದಿನ ಬೆಚ್ಚಿ ಹಾರಿಹೋಯಿತು. ವಾರದಲ್ಲಿ ಸದ್ದಿಗೆ ಒಗ್ಗಿತು ಅನ್ನಿ. ಕೈಯಲ್ಲಿ ಡಿಎಸ್‌ಎಲ್‌ಆರ್ ಈಗಾಗಲೇ ಇದ್ದರೆ ಅದನ್ನು ಬದಲಾಯಿಸುವ ಮೊದಲು ಲೆನ್ಸ್ ಬಗ್ಗೆ ಯೋಚಿಸಿ.

ಲೆನ್ಸ್: ಹಗುರವೋ, ಉದ್ದವೋ, ಬೆಳಕೋ

ಮೂರೂ ಒಟ್ಟಿಗೆ ಬೇಕೆಂದರೆ ಸಿಗುವುದಿಲ್ಲ. ಯಾವುದನ್ನು ಬಿಡಲು ಸಿದ್ಧ ಅಂತ ನಿರ್ಧರಿಸಬೇಕು.

150–600 ಎಂಎಂ ಜೂಮ್‌ಗಳು ಹೆಚ್ಚಿನವರಿಗೆ ಹಿಡಿಸುತ್ತವೆ. ತೂಕ ಎರಡು ಕೆಜಿ ಹತ್ತಿರ. ಸಿಗ್ಮಾದ ಹಗುರ ಮಾದರಿಯೇ 1.93 ಕೆಜಿ. ಕಾರಿನ ಕಿಟಕಿಗೆ, ಮರೆಗೆ ಅದು ಭಾರವೇ ಅಲ್ಲ. ನಾಲ್ಕು ಕಿಲೋಮೀಟರ್ ನಡೆದರೆ ಭುಜಕ್ಕೆ ಗೊತ್ತಾಗುತ್ತದೆ. ಕಡೆಗೆ ಆ ಲೆನ್ಸನ್ನು ಮನೆಯಲ್ಲೇ ಬಿಟ್ಟುಹೋಗುವ ದಿನಗಳು ಬರುತ್ತವೆ.

ನಡೆಯುವವರಿಗೆ ಕ್ಯಾನನ್ನಿನ ಆರ್‌ಎಫ್ 100–400 ತರಹದ್ದು ನೋಡಿ, 635 ಗ್ರಾಂ ಅಷ್ಟೇ. ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ 500 ಎಂಎಂ ಪಿಎಫ್ ಲೆನ್ಸ್ 1.46 ಕೆಜಿ. ಉದ್ದಕ್ಕೆ ಉದ್ದ, ಎಫ್ 5.6 ಬೆಳಕೂ ಇದೆ, ಆದರೆ ಜೂಮ್ ಇಲ್ಲ. ಕ್ಯಾನನ್ನಿನ 600 ಎಂಎಂ ಎಫ್ 11 ಇನ್ನೂ ಬೇರೆ ದಾರಿ. 930 ಗ್ರಾಂ ತೂಕ, 600 ಎಂಎಂ ಉದ್ದ, ಆದರೆ ಎಫ್ 6.3 ಲೆನ್ಸಿಗೆ ಹೋಲಿಸಿದರೆ ಮೂರರಲ್ಲೊಂದು ಪಾಲು ಬೆಳಕು. ಅದರಲ್ಲಿ 1/1000 ಸೆಕೆಂಡ್ ಸಿಗುವ ಹೊತ್ತಿಗೆ ಇದರಲ್ಲಿ 1/320 ಸಿಗುತ್ತದೆ. ಬಿಸಿಲಿರುವ ಬಯಲು ಪ್ರದೇಶಕ್ಕೆ ಸರಿ. ಮರಗಳ ನೆರಳಿನ ದಾರಿಗೆ, ಮೋಡದ ದಿನಗಳಿಗೆ ನಾನಂತೂ ಶಿಫಾರಸು ಮಾಡುವುದಿಲ್ಲ.

ಹತ್ತಿರ ಹೋಗುವುದೇ ಮೇಲು ಅಂತ ಇಷ್ಟು ಹೊತ್ತು ಹೇಳಿದೆ. ಒಂದು ಕಡೆ ಮಾತ್ರ ಉದ್ದ ಲೆನ್ಸೇ ಗೆಲ್ಲುತ್ತದೆ. ದಾರಿ ಬದಿಯ ತಂತಿ. ಕಾಜಾಣ, ಕಳ್ಳಿಪೀರ, ನೀಲಕಂಠ ಎಲ್ಲ ಅಲ್ಲೇ ಕೂರುತ್ತವೆ. ತಂತಿ 6 ಮೀಟರ್ ಎತ್ತರದಲ್ಲಿದೆ, ಕಾರಿನೊಳಗೆ ನಿಮ್ಮ ಕಣ್ಣು 1.2 ಮೀಟರ್ ಎತ್ತರದಲ್ಲಿದೆ ಅಂತ ಇಟ್ಟುಕೊಳ್ಳಿ. 10 ಮೀಟರ್ ದೂರದಿಂದ ನೋಡಿದರೆ 26 ಡಿಗ್ರಿ ಮೇಲಕ್ಕೆ ನೋಡಬೇಕು. ಬರೀ ಹೊಟ್ಟೆ ಮತ್ತು ಬಿಳಿ ಆಕಾಶ ಬರುತ್ತದೆ. 30 ಮೀಟರಿಗೆ ಹಿಂದೆ ಸರಿದರೆ 9 ಡಿಗ್ರಿ. ಈಗ ಹಕ್ಕಿಯ ಪಕ್ಕೆ, ಕಣ್ಣು ಕಾಣುತ್ತವೆ, ಹಿನ್ನೆಲೆಗೆ ದೂರದ ಮರಗಳೂ ಸಿಗಬಹುದು. ಇಲ್ಲಿ 600 ಎಂಎಂ ಬೇಕು. ಇಲ್ಲದವರು ತಂತಿ ಬಿಟ್ಟು ಬೇಲಿ ಗೂಟ ಹುಡುಕಿ. ಅದೇ ಕಳ್ಳಿಪೀರ ಗೂಟದ ಮೇಲೂ ಕೂರುತ್ತದೆ.

ಕಳ್ಳಿಪೀರದ ಬಗ್ಗೆ ಇನ್ನೊಂದು ಮಾತು. ಅದು ಹಾರಿ ಜೇನುಹುಳ ಹಿಡಿದು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಬಂದು ಹುಳವನ್ನು ಕೊಂಬೆಗೆ ಟಪ್ ಟಪ್ ಅಂತ ಬಡಿದು, ಕೊಂಡಿ ಉಜ್ಜಿ ತೆಗೆದು ನುಂಗುತ್ತದೆ. ಹಾರಿಹೋಯಿತು ಅಂತ ನೀವೂ ಹೊರಟರೆ ನಷ್ಟ. ಖಾಲಿ ಕೊಂಬೆಗೆ ಫೋಕಸ್ ಇಟ್ಟು ಕಾಯಿರಿ. ಮಿಂಚುಳ್ಳಿ, ಕಾಜಾಣಗಳಿಗೂ ಇದೇ ಅಭ್ಯಾಸ.

ಟ್ರೈಪಾಡೋ, ಬೀನ್ ಬ್ಯಾಗೋ

ಕಾರಿಗೆ, ಕಿಟಕಿಗೆ ಬೀನ್ ಬ್ಯಾಗ್. ಹಳೆಯ ಜೀನ್ಸಿನ ಒಂದು ಕಾಲನ್ನು ಕತ್ತರಿಸಿ, ಒಂದು ತುದಿ ಹೊಲಿದು, ಒಣಕಾಳು ಮುಕ್ಕಾಲು ಭಾಗ ತುಂಬಿ, ಇನ್ನೊಂದು ತುದಿ ಹೊಲಿದರೆ ಆಯಿತು. ಪೂರ್ತಿ ತುಂಬಬೇಡಿ. ಸ್ವಲ್ಪ ಸಡಿಲ ಇದ್ದರೆ ಕಿಟಕಿ ಅಂಚಿನ ಎರಡೂ ಬದಿಗೆ ಮಡಚಿಕೊಂಡು ಲೆನ್ಸ್ ಒಳಗೆ ಹುದುಗಿ ಕೂರುತ್ತದೆ. ಮಳೆಗಾಲದಲ್ಲಿ ಕಾಳಿಗೆ ಹುಳ ಹಿಡಿಯುತ್ತದೆ, ಆಗಾಗ ಬಿಸಿಲಿಗೆ ಹಾಕಿ.

ಮರೆಯಲ್ಲಿ ಗಂಟೆಗಟ್ಟಲೆ ಕೂರುವವರಿಗೆ ಟ್ರೈಪಾಡ್. ನಡೆಯುವವರಿಗೆ ಮೊನೊಪಾಡ್, ಅಥವಾ ಏನೂ ಬೇಡ. ಹಾರುವ ಹಕ್ಕಿಗೆ ಬರಿಗೈಯೇ ಚಂದ.

ಸೆಟ್ಟಿಂಗ್‌ನಲ್ಲಿ ಯಾವುದಕ್ಕೆ ಆದ್ಯತೆ

ಬೆಳಕು ಕಡಿಮೆ ಇದ್ದಾಗ ಎರಡೇ ದಾರಿ. ಶಟರ್ ನಿಧಾನ ಮಾಡಬೇಕು, ಇಲ್ಲವೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಬೇಕು. ಹೊಸಬರು ಐಎಸ್‌ಒಗೆ ಹೆದರಿ ಶಟರ್ ನಿಧಾನ ಮಾಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಕಾಳು ಕಾಳಾದ ಫೋಟೊವನ್ನು ಆಮೇಲೆ ಸರಿ ಮಾಡಬಹುದು, ಅಲುಗಿದ ಫೋಟೊವನ್ನು ಸರಿ ಮಾಡಲು ಆಗದು. ಲೆನ್ಸಿನಲ್ಲಿರುವ ನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈ ನಡುಕ ತಡೆಯುತ್ತದೆ, ಹಕ್ಕಿಯ ಕುಣಿತವನ್ನಲ್ಲ.

ಸುಮ್ಮನೆ ಕೂತ ಗೂಬೆಗೆ 1/250 ಕೂಡ ನಡೆಯುತ್ತದೆ. ಮಡಿವಾಳ ಹಕ್ಕಿ ಬಾಲ ಎತ್ತಿ ಇಳಿಸುತ್ತಾ ಇರುತ್ತದೆ, 1/800 ಬೇಕು. ಸೂರಕ್ಕಿ ಹೂವಿನಿಂದ ಹೂವಿಗೆ ನೆಗೆಯುವಾಗ 1/1600. ಬೆಳ್ಳಕ್ಕಿ ನಿಧಾನಕ್ಕೆ ಹಾರುತ್ತದೆ, 1/1000 ಸಾಕು. ಕಳ್ಳಿಪೀರ ಹಾರುವುದು ಬೇಕೆಂದರೆ 1/3200ಕ್ಕೆ ಕೈಹಾಕಿ.

ಹತ್ತಿರದಿಂದ ತೆಗೆಯುವವರಿಗೆ ಒಂದು ಎಚ್ಚರಿಕೆ. 300 ಎಂಎಂ, ಎಫ್ 5.6, 5 ಮೀಟರ್ ದೂರ ಅಂದರೆ ಚೂಪಾಗಿ ಬರುವ ಆಳ ಬರೀ 6 ಸೆಂ.ಮೀ. ಕಣ್ಣಿಗೆ ಫೋಕಸ್ ಹಿಡಿದರೆ ಬಾಲ ಮಸುಕಾಗಬಹುದು, ಅದು ಪರವಾಗಿಲ್ಲ. ಬಾಲಕ್ಕೆ ಹಿಡಿದು ಕಣ್ಣು ಮಸುಕಾದರೆ ಫೋಟೊ ಮುಗಿಯಿತು. ಪಕ್ಕಕ್ಕೆ ತಿರುಗಿ ಕೂತಾಗ ತೆಗೆಯಿರಿ, ಇಡೀ ಹಕ್ಕಿ ಆ 6 ಸೆಂ.ಮೀ.ನೊಳಗೆ ಬರುತ್ತದೆ.

ಬೆಳ್ಳಕ್ಕಿ ಹಸಿರು ಗದ್ದೆಯಲ್ಲಿ ನಿಂತಿದ್ದರೆ ಕ್ಯಾಮೆರಾ ಸುತ್ತಲ ಗಾಢ ಬಣ್ಣ ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಒಂದು ಹಂತದಷ್ಟು ಇಳಿಸಿ. ಆಕಾಶದ ಎದುರಿನ ಕಾಜಾಣಕ್ಕೆ ಒಂದೂವರೆ ಹಂತ ಏರಿಸಿ.

ಹಾರುವ ಹಕ್ಕಿಗೆ ಗಾಳಿ ನೋಡಿ. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನ ಕಡೆಯಿಂದ ಬರುವ ದಿನ ಅದು ನಿಮ್ಮ ಕಡೆಗೇ ಮುಖ ಮಾಡಿ ಏಳುತ್ತದೆ. ಏಳುವ ಮೊದಲು ಎಷ್ಟೋ ಸಲ ಹಿಕ್ಕೆ ಹಾಕುತ್ತದೆ. ಅದು ಕಂಡ ಕೂಡಲೇ ಬೆರಳು ಬಟನ್ ಮೇಲಿರಲಿ.

ಹಕ್ಕಿಯನ್ನು ಹತ್ತಿರ ಕರೆಯುವುದು: ನೀರು, ಕಾಳು, ಕೂಗು, ಗೂಡು

ಈ ನಾಲ್ಕರಲ್ಲಿ ನನ್ನ ಮತ ನೀರಿಗೆ. ಕಾಳು ಹಾಕಿದರೆ ಕಾಳು ತಿನ್ನುವ ಹಕ್ಕಿ ಮಾತ್ರ ಬರುತ್ತದೆ. ನೀರಿಗೆ ಹುಳ ತಿನ್ನುವುದು, ಹಣ್ಣು ತಿನ್ನುವುದು ಎಲ್ಲವೂ ಬರುತ್ತವೆ. ತಟ್ಟೆ ಆಳ ಇರಬಾರದು. ಅಂಚಿನಲ್ಲಿ ಎರಡು ಮೂರು ಸೆಂ.ಮೀ., ನಡುವೆ ಐದು ಸೆಂ.ಮೀ. ಸಾಕು. ತಳ ಒರಟಾಗಿರಲಿ, ಇಲ್ಲದಿದ್ದರೆ ಕಾಲು ಜಾರುತ್ತದೆ. ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆದು ಹೊಸ ನೀರು ಹಾಕಿ. ಕೊಳಕು ನೀರಿನಿಂದ ಹಕ್ಕಿಗಳಿಗೆ ರೋಗ ಹರಡುತ್ತದೆ, ಸೊಳ್ಳೆಯೂ ಆಗುತ್ತದೆ. ಬೆಕ್ಕು ಅಡಗುವಂಥ ಪೊದೆಯಿಂದ ಎರಡು ಮೂರು ಮೀಟರ್ ದೂರ ಇಡಿ.

ಕಿಟಕಿ ಗಾಜಿಗೆ ಹಕ್ಕಿ ಬಡಿದು ಸಾಯುವುದನ್ನು ನೀವೂ ನೋಡಿರಬಹುದು. ತಟ್ಟೆಯನ್ನು ಗಾಜಿನಿಂದ ಒಂದು ಮೀಟರಿನೊಳಗೆ ಇಡಿ, ಅಥವಾ ಹತ್ತು ಮೀಟರಿನಾಚೆ ಇಡಿ. ತೀರಾ ಹತ್ತಿರ ಇದ್ದರೆ ಹಕ್ಕಿ ವೇಗ ಹಿಡಿಯುವ ಮೊದಲೇ ಗಾಜು ಸಿಗುತ್ತದೆ, ಪೆಟ್ಟು ಸಣ್ಣದು. ನಡುವಿನ ದೂರವೇ ಅಪಾಯ. ಫೋಟೊಗೆ ಅನುಕೂಲ ಅಂತ 4 ಮೀಟರಿನಲ್ಲಿ ಇಡಲೇಬೇಕಾದರೆ ಆ ಕಿಟಕಿ ತೆರೆದೇ ಇರಲಿ, ಇಲ್ಲವೇ ಗಾಜಿನ ಹೊರಗೆ ಬಲೆ ಕಟ್ಟಿ.

ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು ಬೇಡ. ಗಂಡು ಹಕ್ಕಿ ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಓಡಿಬರುತ್ತದೆ. ಮೇವು, ಮರಿ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಫೋಟೊ ಸಿಗುತ್ತದೆ ನಿಜ. ಅದರ ಬೆಳಗಿನ ಹೊತ್ತು ಹಾಳಾಗಿರುತ್ತದೆ.

ಗೂಡಿನ ಬಗ್ಗೆ ನನ್ನದೇ ತಪ್ಪು ಹೇಳಬೇಕು. ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಮಾಡಿತ್ತು. ಮೂರು ಮರಿಗಳಿದ್ದವು. ಒಂದು ಎಲೆ ಅಡ್ಡ ಬರುತ್ತಿತ್ತು ಅಂತ ಅದನ್ನು ನೂಲಿನಿಂದ ಪಕ್ಕಕ್ಕೆ ಕಟ್ಟಿ ಫೋಟೊ ತೆಗೆದೆ. ಬಿಚ್ಚಲು ಮರೆತೆ. ಸಂಜೆ ಕಾಗೆ ಆ ಗಿಡದ ಮೇಲೆ ಕೂತಿತ್ತು. ಬೆಳಗ್ಗೆ ಗೂಡು ಖಾಲಿ. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬಂದು, ಗೂಡಿನೊಳಗೆ ಇಣುಕಿ, ಹೊರಗೆ ಬಂದು, ಮತ್ತೆ ಇಣುಕಿತು. ಆ ಫೋಟೊಗಳನ್ನು ನಾನು ಅಳಿಸಿದೆ. ಈಗ ಗೂಡು ಕಂಡರೆ ಆ ಕಡೆಯ ಕಿಟಕಿ ಮುಚ್ಚಿ, ಆ ದಾರಿಯಲ್ಲಿ ಓಡಾಟ ಕಡಿಮೆ ಮಾಡುತ್ತೇನೆ.

ಮರಿಗಳ ಫೋಟೊ ಬೇಕಾದರೆ ಅವು ಗೂಡು ಬಿಟ್ಟು ಹೊರಬಂದ ಮೇಲೆ ಕಾಯಿರಿ. ಮೋಟು ಬಾಲ, ಬಾಯಿಯ ಅಂಚಿನಲ್ಲಿ ಇನ್ನೂ ಹಳದಿ, ಬೇಲಿ ತಂತಿಯ ಮೇಲೆ ಸಾಲಾಗಿ ಕೂತು ರೆಕ್ಕೆ ನಡುಗಿಸುತ್ತಾ ಊಟ ಬೇಡುತ್ತವೆ. ತಾಯಿ ಒಂದೊಂದೇ ಬಾಯಿಗೆ ಹುಳ ಇಡುತ್ತಾ ಬರುತ್ತದೆ. ತಿಂದು ಮುಗಿಸಿದ್ದೂ ಸಾಲಿನ ಕೊನೆಗೆ ಸರಿದು ಮತ್ತೆ ಬಾಯಿ ತೆರೆಯುತ್ತದೆ. 9 ಮೀಟರ್ ದೂರ, 400 ಎಂಎಂ, 1/1000 ಸೆಕೆಂಡ್. ಕಿಟಕಿಯ ಹಿಂದೆ ಬೀನ್ ಬ್ಯಾಗ್ ಇಟ್ಟು, ಉಸಿರು ಬಿಗಿಹಿಡಿದು ಕೂತಿರಿ.